ಗೇಟಿಗಿಟ್ಟ ಮರದ ತುಂಡು

ಈಜುಕೊಳದ ಬೇಲಿಯ ಗೇಟು ಮತ್ತೆ ಬಾಯಿ ತೆರೆದು ನಿಂತಿತ್ತು, ಅಡಿಯಲ್ಲಿ ಅದೇ ಮರದ ತುಂಡು. ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದ ಪುಟ್ಟಿಯ ತಾಯಿ ಅದನ್ನು ಕಿತ್ತು ಹೂಗಿಡಗಳ ಕಡೆ ಎಸೆದಳು. ಗೇಟು ತಾನಾಗಿ ಸರಿದು ‘ಟಕ್’ ಎಂದು ಚಿಲಕ ಬಿತ್ತು. ಈ ವಾರದಲ್ಲಿ ಇದು ಐದನೇ ಸಲ.

“ಎಷ್ಟು ಸಲ ಬಾಯಿ ಬಡ್ಕೊಳ್ಳಲಿ? ತಾನಾಗೇ ಮುಚ್ಕೊಳ್ಳೋ ಗೇಟೇ ಬೇಕು ಅಂತ ಊರೆಲ್ಲ ಸುತ್ತಿ ತಂದಿದ್ದು ಇದಕ್ಕೇನಾ?”

ಒಳಗೆ ನೀರಿನ ಮೇಲಿನ ಎಲೆ ತೆಗೆಯುತ್ತಿದ್ದ ಗಂಡ ತಿರುಗಲೂ ಇಲ್ಲ. “ಕೈತುಂಬ ಕಸ ಹೊತ್ಕೊಂಡು ಹತ್ತು ಸಲ ಓಡಾಡ್ಬೇಕು, ಮಾರಾಯ್ತಿ. ನಾನಿಲ್ಲೇ ಇದ್ದೀನಲ್ಲ. ಚಿಲಕ ಪುಟ್ಟಿಗೆ ಎಟುಕೋದೂ ಇಲ್ಲ.”

ಎಲೆಯ ಬುಟ್ಟಿ ಹೊತ್ತು, ಮೊಣಕೈಯಲ್ಲೇ ಚಿಲಕ ಎತ್ತಿ ಅವನು ಹೊರಬಂದ. ಗೇಟು ಮತ್ತೆ ಮುಚ್ಚಿಕೊಳ್ಳುವಷ್ಟರಲ್ಲಿ ಮೂರು ವರ್ಷದ ಮಗಳು ಹೂಗಿಡಗಳ ನಡುವಿನಿಂದ ಓಡಿಬಂದಳು. ಎದೆಗವಚಿಕೊಂಡಿದ್ದ ಮರದ ತುಂಡನ್ನು ಗೇಟಿನ ಅಡಿಗೆ ತುರುಕಿ, ಅಪ್ಪನ ಹಾಗೇ ಹಿಮ್ಮಡಿಯಿಂದ ಎರಡು ಸಲ ಒದ್ದು ಬಿಗಿಮಾಡಿದಳು.

“ಅಪ್ಪಾ, ನೀನ್ ಹೋಗು. ನಂಗೂ ಬರುತ್ತೆ!”

ತೆರೆದ ಗೇಟು ಅಲುಗಲಿಲ್ಲ. ಗಂಡನ ಕೈಯಿಂದ ಬುಟ್ಟಿ ಜಾರಿತು.