ಸಾಬಮ್ಮನ ಬಲಗೈ

ಗಾಜಿನಾಚೆ ಸ್ಕ್ಯಾನ್ ಯಂತ್ರದೊಳಗೆ ಮಲಗಿದ್ದ ಸಾಬಮ್ಮನ ಬಲಗೈ ಅಲುಗಲಿಲ್ಲ. "ಈಗ ನೀವೇ ಬೆರಳು ಮಡಚ್ರೀ ಅಮ್ಮಾ" ಎಂದು ಡಾಕ್ಟರ್ ಮದಿಹಾ ಮೈಕಿನಲ್ಲಿ ಮೂರು ಸಲ ಹೇಳಿದ್ದರು. ಅವರ ಪಕ್ಕದಲ್ಲಿ ಕೂತಿದ್ದ ಸಾಬಮ್ಮನ ಗಂಡ ಮಾಣಿಕಪ್ಪ ತಲೆ ತಗ್ಗಿಸಿದ. "ಮನ್ಯಾಗೂ ಹಿಂಗೇ ರೀ. ಆಕಿ ಮನಸ್ಸೇ ಮಾಡಂಗಿಲ್ಲ."

ಲಕ್ವ ಹೊಡೆದು ಏಳು ತಿಂಗಳಾಗಿತ್ತು. ಕೈಯ ಜೊತೆ ಮಾತೂ ಹೋಗಿತ್ತು. ಬೇರೆಯವರು ಹೇಳಿದ್ದು ಮಾತ್ರ ಅವಳಿಗೆ ತಿಳಿಯುತ್ತಿತ್ತು. ಕಮಲಾಪುರದ ಮನೆಯಲ್ಲಿ ದಿನಾ ಮುಂಜಾನೆ ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದ. ಆಮೇಲೆ "ಈಗ ನೀ ಮಾಡು" ಅನ್ನುತ್ತಿದ್ದ. ಅವಳು ಸುಮ್ಮನೆ ಕೂತಿರುತ್ತಿದ್ದಳು. ಕಲಬುರಗಿಯ ಈ ಆಸ್ಪತ್ರೆಗೆ ಹೊರಡುವ ಹಿಂದಿನ ದಿನವಂತೂ ಸಿಟ್ಟು ತಾಳದೆ ಆ ಕೈಯನ್ನು ಅವಳ ಮಡಿಲಿಗೆ ಒಗೆದು ಎದ್ದು ಹೋಗಿದ್ದ.

ಮದಿಹಾ ಕಂಪ್ಯೂಟರಿನಲ್ಲಿ ಮಿದುಳಿನ ಎರಡು ಚಿತ್ರಗಳನ್ನು ತೋರಿಸಿದರು. "ಇದು ನಮ್ಮ ನರ್ಸ್ ಅಮ್ಮನ ಕೈ ಹಿಡಿದು ಆಡಿಸಿದಾಗಿಂದು, ಕಾಕಾ. ಇದು ನೀವೇ ಆಡಿಸ್ರಿ ಅಂದಾಗಿಂದು." ಮೊದಲನೆಯದರಲ್ಲಿ ಒಂದೇ ಕಡೆ ಕೆಂಪು ಇತ್ತು. ಎರಡನೆಯದರಲ್ಲಿ ಅದು ಎರಡೂ ಬದಿಗೆ ಹರಡಿತ್ತು.

"ಕೈ ಅಲುಗೇ ಇಲ್ಲಲ್ರೀ?"

"ಕೆಂಪಂದ್ರ ಮಿದುಳು ಕೆಲಸ ಮಾಡ್ಲಾಕತ್ತದ ಅಂತ. ಅದರ ಅಪ್ಪಣಿ ಕೈತನಕ ಮುಟ್ಟವಲ್ದು. ಆದ್ರ ಅವರು ಪ್ರಯತ್ನ ಮಾಡ್ಲಾಕತ್ತಾರ. ಹೇಳಿದಾಗೆಲ್ಲ ಮಾಡ್ಯಾರ."

ಸಾಬಮ್ಮನನ್ನು ಹೊರಗೆ ತಂದಾಗ ಮಾಣಿಕಪ್ಪ ಅವಳ ಪಕ್ಕ ಹೋಗಿ ನಿಂತ. "ನನಗ ತಿಳೀಲಿಲ್ಲ," ಎಂದ. ಅಂದು ಒಗೆದಿದ್ದ ಆ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ; ಅವನ ಕಣ್ಣು ತುಂಬಿ ಬಂತು. ಅವಳು ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ಎಡಗೈ ಎತ್ತಿ ಅವನ ಕಣ್ಣೊರೆಸಿದಳು.