ಮೂವತ್ತೈದು ಜಿಬಿ ಒತ್ತುವರಿ

ಇದು ನಡೆದದ್ದೇ. ಸುಳ್ಳಾದರೆ ಹೇಳಿದ ನಾಲಿಗೆಯ ಮೇಲೆ ಮಲ್ಲಿಗೆ ಗಿಡ ಹುಟ್ಟಲಿ, ನೀವೇ ಮೊಗ್ಗು ಬಿಡಿಸಿಕೊಂಡು ಹೋಗಿ ಹಡಗಲಿಯಲ್ಲಿ ಮಾರಿಕೊಳ್ಳಿ.

ಮಾಗಳದ ಪಾಲಾಕ್ಷಪ್ಪ ಬೆಳಿಗ್ಗೆ ರೊಟ್ಟಿ ಮುರಿಯುತ್ತ ಕೂತಿದ್ದ. ಒಳಮನೆಯಲ್ಲಿ ಮೊಮ್ಮಕ್ಕಳಿಬ್ಬರ ಜಗಳ. ಅದರಲ್ಲಿ 'ಪಾಲು' ಎಂಬ ಒಂದು ಮಾತು ಕಿವಿಗೆ ಬಿದ್ದದ್ದೇ ತಡ, ರೊಟ್ಟಿ ಬಿಟ್ಟು ಎದ್ದ. ಏಳದೆ ಇರುತ್ತಾನೆಯೇ? ನಲವತ್ತು ವರ್ಷ ಸುತ್ತಲಿನ ಅಣ್ಣತಮ್ಮಂದಿರ ಹೊಲ ಪಾಲು ಮಾಡಿದವನು. ಅವನು ಬದು ಹಾಕಿಸಿದ ಒಂದು ಹೊಲವೂ ಕೋರ್ಟಿನ ಮೆಟ್ಟಿಲು ಹತ್ತಿಲ್ಲ. ಒಂದು ಸಲ ಹುಣಸೆಮರದ ನೆರಳನ್ನೇ ಹಂಚಿಕೊಟ್ಟಿದ್ದ: ಬೆಳಗಿನ ನೆರಳು ಅಣ್ಣನಿಗೆ, ಸಂಜೆಯದು ತಮ್ಮನಿಗೆ. ಹೊತ್ತು ನೆತ್ತಿಗೆ ಬಂದಾಗ ಇಬ್ಬರೂ ಇವತ್ತಿಗೂ ಮಂಚ ಅದಲುಬದಲು ಮಾಡುತ್ತಾರೆ.

ಒಳಗಿನ ಜಗಳ ಕಂಪ್ಯೂಟರಿನದು. ಡಬ್ಬಿ ಒಂದೇ, ಸಂಸಾರ ಎರಡು. ಗುಂಡಿ ಒತ್ತಿದರೆ 'ವಿಂಡೋಸೋ, ಲಿನಕ್ಸೋ' ಎಂದು ಕೇಳುತ್ತದೆ. ವಿಂಡೋಸಿನಲ್ಲಿ ಕನಕರಾಜ ಮದುವೆ ವಿಡಿಯೊ ಜೋಡಿಸುತ್ತಾನೆ. ಲಿನಕ್ಸಿನಲ್ಲಿ ತಂಗಿ ಕೀರ್ತನಾಳ ಕಾಲೇಜಿನ ಪ್ರಾಜೆಕ್ಟು.

"ಅಜ್ಜ, ನಾಳಿಗೆ ಪ್ರಾಜೆಕ್ಟ್ ಕೊಡಬೇಕು. ನನ್ನ ಕಡಿ ಒಂದು ಸಾಲು ಬರಿಯಾಕ ಜಾಗ ಇಲ್ಲ. ಎಲ್ಲಾ ಇವನ ಮದ್ವಿನ ತುಂಬ್ಯಾವು."

"ನನ್ನವೇನ ಅವು? ಊರವರ ಮದ್ವಿ," ಎಂದ ಕನಕರಾಜ.

ಪರದೆಯ ಮೇಲೆ ಡಿಸ್ಕಿನ ನಕ್ಷೆ ತೆರೆದಿತ್ತು, ಪಟ್ಟೆ ಪಟ್ಟೆ ಹೊಲದ ಹಾಗೆ. ಪಾಲಾಕ್ಷಪ್ಪ ಕೋಲೂರಿಕೊಂಡು ಕೂತ.

"ಒಟ್ಟು ಎಷ್ಟೈತಿ?"

"ಐನೂರು ಜಿಬಿ. ಡಬ್ಬಿ ತಂದಾಗ ಚೀಟಿ ಮ್ಯಾಲೆ ಬರದಿತ್ತು," ಎಂದ ಕನಕರಾಜ.

"ಇಲ್ಲಿ ಎಷ್ಟು ತೋರಸ್ತೈತಿ, ಓದು."

"ನಾನೂರ ಅರವತ್ತೈದು."

ಪಾಲಾಕ್ಷಪ್ಪ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿದ. ಹಾಗೆ ಮಾಡಿದನೆಂದರೆ ಯಾರೋ ಬಾಂದುಕಲ್ಲು ಸರಿಸಿದ್ದಾರೆ ಎಂದರ್ಥ.

"ಪತ್ರದಾಗ ಐನೂರು, ನೆಲದ ಮ್ಯಾಲೆ ನಾನೂರ ಅರವತ್ತೈದು. ಮೂವತ್ತೈದು ಯಾವನು ಒತ್ತಿಕೊಂಡ?"

"ಯಾರೂ ಒತ್ತಿಲ್ಲಜ್ಜ," ಎಂದಳು ಕೀರ್ತನಾ. "ಮಾರೋರು ಸಾವಿರ ಎಂಬಿಗೊಂದು ಜಿಬಿ ಅಂತ ಎಣಸ್ತಾರ. ಕಂಪ್ಯೂಟರ್ ಸಾವಿರದ ಇಪ್ಪತ್ನಾಕಕ್ಕ ಒಂದು ಅಂತ ಎಣಸ್ತೈತಿ."

"ಅಂದ್ರ ಕೊಡೋ ಸೇರು ಬ್ಯಾರೆ, ತಗೊಳ್ಳೋ ಸೇರು ಬ್ಯಾರೆ. ಇರ್ಲಿ, ಅದನ್ನ ಆಮ್ಯಾಲೆ ನೋಡ್ಕೊಂತೀನಿ. ಮೊದಲು ಇದ್ದದ್ದು ಹಂಚೂನು. ಲೇ ಕನಕ, ನೀನ ಗೀಟು ಎಳಿ."

ಕನಕರಾಜ ಖುಷಿಯಿಂದ ಮೌಸ್ ಹಿಡಿದು ಎಳೆದ: ಈ ಕಡೆ ನಾನೂರು, ಆ ಕಡೆ ಅರವತ್ನಾಲ್ಕು. ತುದಿಯಲ್ಲಿ ಮೊದಲಿನಿಂದಲೂ ಇದ್ದ ಒಂದು ಜಿಬಿಯ ಸಣ್ಣ ತುಂಡು.

"ಚಲೋ ಎಳದಿ. ಪದ್ಧತಿ ಗೊತ್ತೈತಲ್ಲ? ಹಿರಿಯ ಗೀಟು ಎಳೀಬೇಕು, ಕಿರಿಯಾಕಿ ಆರಿಸ್ಕೋಬೇಕು. ಯಾವ್ದು ಬೇಕವ್ವ?"

"ನಾನೂರರದು," ಎಂದಳು ಕೀರ್ತನಾ, ರೆಪ್ಪೆ ಸಹ ಬಡಿಯದೆ.

ಕನಕರಾಜನ ಕೈ ಮತ್ತೆ ಮೌಸಿಗೆ ಹಾರಿತು. ಗೆರೆಯನ್ನು ನಡುಮಧ್ಯಕ್ಕೆ ತರಲು ಹೋದರೆ ಅದು ಸರಿಯಲೊಲ್ಲದು.

"ಮದ್ವಿ ಅಡ್ಡ ಬರಾಕತ್ಯಾವಜ್ಜ."

"ಮಕ್ಕಳು ಸಾಲಿಗೆ ಹೊಂಟವರ ಮದ್ವಿ ಎಲ್ಲಾ ಅಳಿಸು. ಅವ್ರು ತಿರುಗಿ ನೋಡಂಗಿಲ್ಲ."

ಅಳಿಸಿದ. ಅರ್ಧ ಹಡಗಲಿ ತಾಲ್ಲೂಕೇ ಖಾಲಿಯಾಯಿತು. ಆಮೇಲೆ ಅವನು ಗೆರೆ ಸರಿಸಿದ ಚೆಂದ ನೋಡಬೇಕಿತ್ತು. ಉಸಿರು ಬಿಟ್ಟರೆ ಎಲ್ಲಿ ತಂಗಿಯ ಕಡೆ ಕೂದಲಷ್ಟು ಹೆಚ್ಚಾದೀತೋ ಎಂದು ಉಸಿರೇ ಬಿಡಲಿಲ್ಲ. ಮೂಗಿನ ಮೇಲೆ ಕೂತ ನೊಣ ಅಲ್ಲೇ ಒಂದು ನಿದ್ದೆ ತೆಗೆದು, ಎದ್ದು, ಮೈಮುರಿದು ಹಾರಿಹೋಯಿತು. ಕೊನೆಗೆ ಇತ್ತ ಇನ್ನೂರ ಮೂವತ್ತೆರಡು, ಅತ್ತ ಇನ್ನೂರ ಮೂವತ್ತೆರಡು.

"ಈ ತುದ್ಯಾಗಿಂದು ಒಂದು ಜಿಬಿ ಯಾರ ಹೆಸರಿಗೂ ಇಲ್ಲ. ಇದನ್ನ ಕಿತ್ತು ನನ್ನದಕ್ಕ ಸೇರಿಸ್ಕೊಂತೀನಿ," ಎಂದು ಕನಕರಾಜ ಬೆರಳು ಎತ್ತಿದ.

ಅಜ್ಜನ ಕೋಲು ಮಣಿಕಟ್ಟಿನ ಮೇಲೆ ಟಪ್ಪೆಂದು ಬಿತ್ತು.

"ಅದು ಅಗಸಿ ಬಾಗಿಲಲೇ. ಇಬ್ರೂ ಒಳಗ ಬರೋದು ಅದರಾಗಿಂದ. ಕಿತ್ತಿ ಅಂದ್ರ ಇಬ್ರೂ ಹೊರಗ."

ಕೀರ್ತನಾ ಬಾಯಿಗೆ ಕೈ ಇಟ್ಟಳು. ಡಬ್ಬಿ ಎಚ್ಚರಗೊಳ್ಳುವುದೇ ಆ ತುಂಡಿನಿಂದ. ಅಳಿಸಿದ್ದರೆ ಎರಡೂ ಸಂಸಾರಕ್ಕೆ ಬೀಗ, ಅವಳ ಪ್ರಾಜೆಕ್ಟಿಗೂ.

"ಇದು ನಿನಗ ಹೆಂಗ ಗೊತ್ತಾತಜ್ಜ?"

"ಊರು ಅಂದ ಮ್ಯಾಲೆ ಅಗಸಿ ಇರಾಕಬೇಕಲ್ಲ."

ಎಮ್ಮೆ ಮನೆಗೆ ಬರುವ ಹೊತ್ತಿಗೆ ಪಾಲು ಮುಗಿಯಿತು. ಗುಂಡಿ ಒತ್ತಿದರೆ ಎರಡೂ ಬಾಗಿಲು ತೆರೆದವು. ಕೀರ್ತನಾ ತನ್ನ ಇನ್ನೂರ ಮೂವತ್ತೆರಡರಲ್ಲಿ ಕಾಲು ಚಾಚಿ ಕೂತು ಬರೆಯತೊಡಗಿದಳು. ಕನಕರಾಜ ಹೊಸ ಮದುವೆ ಒಪ್ಪಿಕೊಂಡ.

ಪಾಲಾಕ್ಷಪ್ಪ ಮಾತ್ರ ರೊಟ್ಟಿಗೆ ವಾಪಸು ಬರಲಿಲ್ಲ. ಮೂವತ್ತೈದು ಸಿಗದೆ ಪಾಲು ಪೂರ್ತಿಯಾಯಿತು ಎನ್ನಲು ಅವನ ನಾಲಿಗೆ ಏಳಲಿಲ್ಲ. ಕೋಲು ಹಿಡಿದು ಶಾಲೆಗೆ ಹೋದ, ಝೆರಾಕ್ಸ್ ಅಂಗಡಿಗೆ ಹೋದ, ಹಡಗಲಿಯ ಬಸ್ಸು ಹತ್ತಿ ಅಲ್ಲಿಯ ಮನೆಮನೆಗೂ ಹೋದ. ಐನೂರರ ಡಬ್ಬಿ ಎಲ್ಲಿದ್ದರೂ ಅಲ್ಲಿ ಮೂವತ್ತೈದು ಕಡಿಮೆ. ಒಬ್ಬನ ಹೊಲ ಕಡಿಮೆಯಾದರೆ ಇನ್ನೊಬ್ಬನದು ಹೆಚ್ಚಿರಲೇಬೇಕು, ಭೂಮಿ ಮೇಲಕ್ಕೆ ಹಾರಿಹೋಗುವುದಿಲ್ಲ ಎಂಬುದು ಅವನ ನಲವತ್ತು ವರ್ಷದ ಲೆಕ್ಕ. ಅಷ್ಟೂ ಜನರ ಮೂವತ್ತೈದನ್ನು ಒತ್ತಿಕೊಂಡು ಯಾರೋ ಒಬ್ಬರು ಎಲ್ಲೋ ಗಪ್ಪಗೆ ಕೂತಿದ್ದಾರೆ.

ಹುಡುಕಾಟ ಇನ್ನೂ ನಡೆದಿದೆ. ಅದಿರಲಿ, ಇಷ್ಟು ಹೊತ್ತು ಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದಿರಲ್ಲ, ಎಲ್ಲಿ, ಆ ಫೋನನ್ನು ಸ್ವಲ್ಪ ಈಚೆ ತೆಗೆಯಿರಿ, ಎಷ್ಟು ಜಿಬಿ ಹೆಚ್ಚಿದೆ ನೋಡೋಣ.