ಹೊಸಕ್ಕಿಯ ಪಂಕ್ತಿ

ರಿಕ್ಷಾ ಪೂರ್ತಿ ನಿಲ್ಲುವ ಮೊದಲೇ ಝೀಟಾ ಕೆಸರಿಗೆ ಕಾಲಿಟ್ಟಳು. ಪರ್ಕಳದಲ್ಲಿ ಏಳುತ್ತಿದ್ದ ಕಟ್ಟಡವೊಂದರ ಹಿಂದೆ ಕೂಲಿಯವರ ತಗಡಿನ ಶೆಡ್ಡುಗಳಿದ್ದವು. ನೀನು ಇಂಥ ಜಾಗಕ್ಕೆ ಓಡಿಕೊಂಡು ಬರುತ್ತೀ ಎಂದು ಹಬ್ಬದ ದಿನ ಯಾರಾದರೂ ಹೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಈಗ ನಗಲಿಕ್ಕೆ ಪುರುಸೊತ್ತಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ಗಂಡ ಅಲೆಕ್ಸಾಂಡರ್ ಏದುಸಿರು ಬಿಡುತ್ತಿದ್ದ. ಸಂಜೆ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿಯಾಗಿತ್ತು.

ಸಾವಿಗಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಬೆಳಿಗ್ಗೆ ಸಾಯುವವರಿಗೆ ಹಚ್ಚುವ ಪವಿತ್ರ ತೈಲ ಹಿಡಿದು ಬಂದ ಫಾದರ್‌ರನ್ನು ಅಲೆಕ್ಸಾಂಡರ್ ಕೈಯೆತ್ತಿ ತಡೆದಿದ್ದ. “ಮೊದಲು ಅವಳನ್ನು ಕರೆದುಕೊಂಡು ಬಾ, ಪರ್ಕಳದ ಶೆಡ್ಡಿನಲ್ಲಿದ್ದಾಳೆ,” ಎಂದು ಹೆಂಡತಿಗೆ ಹೇಳಿದ, ಗೋಡೆ ನೋಡುತ್ತಾ. “ನಮ್ಮ ಪಂಕ್ತಿಯಿಂದ ಎಬ್ಬಿಸಿದ್ದೇವಲ್ಲ, ಅವಳ ಹತ್ತಿರ ಕ್ಷಮೆ ಕೇಳದೆ ನನಗೆ ಎಂತ ತೈಲವೂ ಬೇಡ.”

ಎಬ್ಬಿಸಿದ್ದು ಅವನಲ್ಲ, ಝೀಟಾ. ಅಂದು ಮೊಂತಿ ಹಬ್ಬ, ಮಾತೆ ಮರಿಯಳ ಜನ್ಮದಿನದ ತೆನೆಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಗೆ ತಂದು, ಅದರ ಅಕ್ಕಿ ಬೆರೆಸಿದ ಊಟವನ್ನು ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ಪದ್ಧತಿ. ಮುಂಬೈಯಿಂದ ಅಣ್ಣ, ಅತ್ತಿಗೆ ಬಂದಿದ್ದರು. ನೋಡುತ್ತಾಳೆ, ಕೊನೆಯ ಎಲೆಯ ಮುಂದೆ ಮನೆಕೆಲಸದ ಹೆಂಗಸು! ಅಲೆಕ್ಸಾಂಡರನೇ ಕರೆದು ಕೂರಿಸಿದ್ದ. ಅತ್ತಿಗೆಯ ಹುಬ್ಬು ಮೇಲೇರಿತು. “ಹೋಯ್, ಏಳು,” ಎಂದಳು ಝೀಟಾ. “ಇದು ಮನೆಯವರ ಪಂಕ್ತಿ. ಘಟ್ಟದ ಮೇಲಿಂದ ಕೂಲಿಗೆ ಬಂದವರಿಗೆ ಹಿತ್ತಲಲ್ಲಿ ಬಡಿಸುವುದು.” ಹೆಂಗಸು ಕೈಯಲ್ಲಿದ್ದ ತುತ್ತನ್ನು ಎಲೆಗೇ ಮರಳಿಸಿ ಎದ್ದು ಹೋದಳು. ಆಮೇಲೆ ಕೆಲಸಕ್ಕೆ ಬರಲಿಲ್ಲ. ತಮಾಷೆ ನೋಡಿ, ಊಟಕ್ಕೆ ಹೋದವರು ತಾವಾಗಿ ಕೆಳಗಿನ ಜಾಗ ಹಿಡಿಯಬೇಕು, ಯಾರನ್ನೂ ಕೀಳು ಮಾಡಬಾರದು ಎಂದು ಅದೇ ಬೆಳಿಗ್ಗೆ ಫಾದರ್ ಪ್ರಸಂಗ ಮಾಡಿದ್ದರು. ತಲೆದೂಗಿದವರಲ್ಲಿ ಝೀಟಾಳೇ ಮೊದಲು.

ಅಂದಿನಿಂದ ಅಲೆಕ್ಸಾಂಡರ್ ಹೆಂಡತಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಸ್ವಲ್ಪ ದಿನಕ್ಕೇ ಹಾಸಿಗೆ ಹಿಡಿದ. ಆ ಹೆಂಗಸಿನ ಊರು, ಮಕ್ಕಳ ಹೆಸರು, ಗಂಡನ ಕುಡಿತ ಎಲ್ಲ ಅವನಿಗೆ ಗೊತ್ತು. ಝೀಟಾಗೆ ಪಾತ್ರೆ ಬೆಳಗಿದ್ದರೆ ಸಾಕಿತ್ತು. ವರ್ಷಗಟ್ಟಲೆ ಒಂದು “ಹೋಯ್” ಎಂದರೆ ಕೆಲಸ ಆಗುತ್ತಿತ್ತು.

ಈಗ ಅದೇ “ಹೋಯ್” ಎಂದು ಕೂಗುವಂತಿರಲಿಲ್ಲ, ಬೇರೆ ಹೆಸರೂ ಗೊತ್ತಿರಲಿಲ್ಲ. ಮೊದಲ ಶೆಡ್ಡಿಗೆ ಬೀಗ. ಪಕ್ಕದ್ದರ ಮುಂದೆ ಹೆಂಗಸೊಬ್ಬಳು ತಲೆಮೇಲೆ ಸೆರಗು ಹೊದ್ದು, ಬೆನ್ನು ಹಾಕಿ ಕೂತು ಅಕ್ಕಿ ಆರಿಸುತ್ತಿದ್ದಳು. ನೇರಳೆ ಸೀರೆ, ಸೆರಗಿನಲ್ಲಿ ಇಸ್ತ್ರಿ ಸುಟ್ಟ ಕಲೆ. ಕಳೆದ ಕ್ರಿಸ್‌ಮಸ್ಸಿಗೆ ಝೀಟಾಳೇ ಕೊಟ್ಟ ಹಳೇ ಸೀರೆ. ದೇವರು ದೊಡ್ಡವನು! ಮತ್ತೆ ಯಾರನ್ನೂ ಕೇಳಬೇಕಾಗಲಿಲ್ಲ.

ಹೆಂಗಸು ಗಾಬರಿಬಿದ್ದು ಎದ್ದಳು. ಝೀಟಾ ಸೆರಗನ್ನೇ ದಿಟ್ಟಿಸುತ್ತಿದ್ದುದು ಕಂಡು, “ಅಮ್ಮಾರ, ಈ ಸೀರಿ ನಂಗ…” ಎಂದು ಶುರು ಮಾಡಿದಳು.

“ಸೀರೆಯ ವಿಷಯ ಬಿಡು ಮಾರಾಯ್ತಿ, ಅದನ್ನು ಯಾರು ಕೇಳಿದರು? ನೀನು ಮಾತಾಡಬೇಡ, ನಾನು ಹೇಳುವುದನ್ನು ಕೇಳು.”

ಬಾಗಿಲ ಬಳಿ ಇದ್ದ ಕೊಡದಿಂದ ನೀರನ್ನು ಚೊಂಬಿಗೆ ಬಗ್ಗಿಸಿಕೊಂಡು ಝೀಟಾ ಕೆಸರಲ್ಲೇ ಮಂಡಿಯೂರಿದಳು. ಪವಿತ್ರ ಗುರುವಾರ ಇಗರ್ಜಿಯಲ್ಲಿ ಫಾದರ್ ಭಕ್ತರ ಕಾಲು ತೊಳೆಯುವುದನ್ನು ಪ್ರತಿವರ್ಷ ಮುಂದಿನ ಬೆಂಚಿನಿಂದ ನೋಡಿದವಳು. ತಾನು ತೊಳೆದದ್ದು ಇದೇ ಮೊದಲು. ಒಡೆದ ಹಿಮ್ಮಡಿ, ಸವೆದ ಕಾಲುಂಗುರ. ಇಷ್ಟು ವರ್ಷ ತನ್ನ ಅಂಗಳದಲ್ಲಿ ಓಡಾಡಿದ ಕಾಲನ್ನು ಒಮ್ಮೆಯೂ ನೋಡಿರಲಿಲ್ಲವಲ್ಲ! ಅತ್ತಳು. ಪಂಕ್ತಿಯ ಮಾತು, ತೈಲದ ಮಾತು, ಗಂಡ ಮುಖ ತಿರುಗಿಸಿಕೊಂಡೇ ಹೊರಟುಹೋಗುತ್ತಾನೆಂಬ ಹೆದರಿಕೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ತನ್ನ ಸೆರಗಿನಿಂದ ಆ ಪಾದಗಳನ್ನು ಒರೆಸಿದಳು.

“ಏಳ್ರಿ ಅಮ್ಮಾರ,” ಹೆಂಗಸಿನ ಕಣ್ಣೂ ತುಂಬಿತ್ತು. “ಕ್ಷಮಾ ಮಾಡಾಕ ನಾ ಯಾರ್ರಿ?”

ಎಂಥ ದೊಡ್ಡ ಮನಸ್ಸು! ಝೀಟಾ ಇನ್ನಷ್ಟು ಕರಗಿದಳು. ಗಂಡನ ಎದುರು ಬಂದು ಒಂದು ಮಾತು ಹೇಳಿದರೆ ಸಾಕು ಎಂದು ಕೈ ಹಿಡಿದು ಬೇಡಿದಳು. ಹೆಂಗಸು ಬೀಗ ಹಾಕಿದ ಶೆಡ್ಡಿನ ಕಡೆ ಒಮ್ಮೆ ನೋಡಿದಳು.

“ಸಾಯೋರು ಕರದ್ರ ಒಲ್ಲೆ ಅನಬಾರದ್ರಿ. ಯಾರರೆ ಒಬ್ರು ಬರಬೇಕಲ್ರಿ,” ಎಂದು ಚಪ್ಪಲಿ ಮೆಟ್ಟಿದಳು.

ರಿಕ್ಷಾದಲ್ಲಿ ಝೀಟಾ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಡ್ರೈವರ್ ಕನ್ನಡಿಯಲ್ಲಿ ನೋಡಿದ. ನೋಡಲಿ. ಪೇಟೆಯ ಎಸ್‌ಟಿಡಿ ಬೂತಿನಿಂದ ವಾರ್ಡಿಗೆ ಫೋನು ಮಾಡಿದಳು. ಉಸಿರು ಉಂಟು, ಬೇಗ ಬನ್ನಿ ಎಂದರು. ದಾರಿಯುದ್ದಕ್ಕೂ ದೇವರೇ, ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪ ಹೊತ್ತು ಎಂದು ಬಾಯಲ್ಲಿ ಜಪ. ಆ ಹೆದರಿಕೆಯ ನಡುವೆಯೂ ಒಂದು ಸಣ್ಣ ಸಮಾಧಾನ: ತಾನು ಬಗ್ಗಿದ್ದಳು. ಇದಕ್ಕಿಂತ ಹೆಚ್ಚು ಯಾರು ಬಗ್ಗಿಯಾರು?

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿಸಿದಳು. ತೈಲದ ಕುಪ್ಪಿ ಹಿಡಿದು ಫಾದರ್ ಬಾಗಿಲಲ್ಲೇ ನಿಂತಿದ್ದರು.

“ಕರೆದುಕೊಂಡು ಬಂದೆ,” ಎಂದಳು ಝೀಟಾ, ಏದುಸಿರಲ್ಲಿ. “ಕಾಲು ತೊಳೆದು ಕರೆದುಕೊಂಡು ಬಂದೆ. ಈಗಲಾದರೂ ಈ ಕಡೆ ನೋಡಿ.”

ಅಲೆಕ್ಸಾಂಡರ್ ಗೋಡೆಯಿಂದ ಮುಖ ತಿರುಗಿಸಿದ. ಹೆಂಗಸು ತಲೆಯ ಸೆರಗು ಸರಿಸಿ ಕೈಮುಗಿದಳು. ಅವನು ಆ ಮುಖವನ್ನು ತುಂಬ ಹೊತ್ತು ನೋಡಿದ. ಆಕ್ಸಿಜನ್ ಮಾಸ್ಕು ಕೆಳಗಿಳಿಸಿ, ತಾನೂ ಕೈ ಜೋಡಿಸಿದ. ಆಮೇಲೆ, ಹಬ್ಬದ ದಿನದ ಬಳಿಕ ಮೊದಲ ಬಾರಿಗೆ, ಹೆಂಡತಿಯ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ:

“ಇವರು ಯಾರು, ಝೀಟಾ?”